ಞ ಅಕ್ಷರಕ್ಕೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಿದ್ದು

ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಅಂತ ಜನ ಕೇಳುತ್ತಾರೆ. ಬಾಯಿ ಇರೋನಿಗೆ ಆಗುತ್ತವೆ ಸ್ವಾಮಿ, ಬಾಯಿ ಮುಚ್ಕೊಂಡು ಕೂತವನಿಗೆ ಏನಾದೀತು? ನನ್ನ ಬಾಯಿ ಸಾಮಾನ್ಯದ್ದಲ್ಲ. ಊರಲ್ಲಿ ನಾಲೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಎಮ್ಮೆ ತಲೆ ಎತ್ತುತ್ತಿತ್ತು. ಅದೂ ನಮ್ಮ ಎಮ್ಮೆಯಲ್ಲ, ಪಕ್ಕದ ಊರಿನದು. ಊರ ನಾಟಕದಲ್ಲಿ ಗದೆ ಹೊತ್ತು ಮೈಕಿಲ್ಲದೆ ಹಾಡಿದವನು ನಾನು. ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಪಾಠ: "ಮಾತು ಮರೆತರೆ ಹೆದರಬೇಡ ಮಗ, ಜೋರಾಗಿ ಹೇಳು. ಜೋರಾಗಿ ಹೇಳಿದ್ದನ್ನ ಯಾವನೂ ತಪ್ಪು ಅನ್ನಲ್ಲ." ಆ ಒಂದು ಪಾಠ ಹಿಡಕೊಂಡೇ ಮಂಡ್ಯ ಸೀಮೆಯಿಂದ ಡಾಲಸ್‌ವರೆಗೆ ಬಂದೆ. ಎಲ್ಲೂ ಕೈ ಕೊಟ್ಟಿರಲಿಲ್ಲ, ಪೋರ್ಚುಗೀಸು ಸಿಗೋವರೆಗೆ.

೧. ಎತ್ತಿದ ಕೈ

ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿರುವ ನಮ್ಮ ಕಂಪನಿ, ಫೋನ್ ಎತ್ತಿ ಮಾತಾಡುವ ಯಂತ್ರ ಮಾಡುತ್ತದೆ. ಗಿರಾಕಿ ಫೋನ್ ಮಾಡಿ ತನ್ನ ಕಷ್ಟ ಹೇಳಿಕೊಂಡರೆ ಯಂತ್ರವೇ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಉತ್ತರ ಕೊಡಬೇಕು. ನನ್ನದು ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕೋದು. ಇದು ನನಗೆ ಹುಟ್ಟಿದಾಗಲೇ ಬಂದ ವಿದ್ಯೆ, ಕಾಲೇಜಿಗೆ ಹೋಗಿದ್ದು ಬರೀ ಸರ್ಟಿಫಿಕೇಟಿಗೆ.

ಆಸ್ಟಿನ್‌ನ ಒಂದು ಕಂಪನಿ ಬ್ರೆಜಿಲ್ ದೇಶದಲ್ಲಿ ಫ್ರಿಜ್ ಮಾರುತ್ತಿತ್ತು. ಅವರಿಗೆ ಈ ಯಂತ್ರ ಪೋರ್ಚುಗೀಸ್ ಭಾಷೆಯಲ್ಲಿ ಬೇಕಾಯಿತು. ನಮ್ಮ ಮ್ಯಾನೇಜರ್ ಧಾರವಾಡದವರು. ಮೀಟಿಂಗ್ ಕರೆದು ಹೇಳಿದರು: "ಹ್ಯೂಸ್ಟನ್‌ದಾಗ ಒಬ್ಬಾಕಿ ಬ್ರೆಜಿಲ್ ಮೇಡಂ ಅದಾರ್ರಿ, ಭಾಷಾದ ತಜ್ಞೆ. ಖರೇ, ಆಕೀನ್ನ ಒಂದು ತಾಸು ಕರೀಬೇಕಂದ್ರ ಮೂರು ಕಡೆ ಸಹಿ ಆಗಬೇಕು. ನಮ್ಮೊಳಗ ಯಾರಿಗರ ಪೋರ್ಚುಗೀಸ್ ಬರ್ತದೇನು?"

ಎಲ್ಲರೂ ಲ್ಯಾಪ್‌ಟಾಪ್ ನೋಡಿದರು. ನನ್ನ ಕಾಂಟ್ರಾಕ್ಟು ಆ ವಸಂತಕ್ಕೆ ಮುಗಿಯುವುದಿತ್ತು. ಈ ಕೆಲಸ ಗೆಲ್ಲಿಸಿದವನನ್ನು ಪರ್ಮನೆಂಟ್ ಮಾಡುತ್ತಾರೆ, ಸೋತರೆ ನಾನು ಪೆಟ್ಟಿಗೆ ಕಟ್ಟಬೇಕು. ಕೈ ತಾನಾಗಿ ಮೇಲೆ ಹೋಯಿತು.

"ನಿನಗ ಬರ್ತದ?"

"ಬರುತ್ತೆ ಅಂತಲ್ಲ ಸಾರ್, ಬಂದುಬಿಡುತ್ತೆ. ಕನ್ನಡ ಅಕ್ಷರಮಾಲೆ ಕಲಿತವನ ನಾಲಿಗೆಗೆ ಸಿಗದ ಶಬ್ದ ಭೂಮಿ ಮೇಲಿಲ್ಲ. ಕನ್ನಡದಲ್ಲಿ ಬರ್ಕೊತೀನಿ, ಬರೆದ ಹಾಗೆ ಓದ್ತೀನಿ. ಮೇಡಂ ಸಹಿ ಗಿಹಿ ಏನೂ ಬೇಡ."

ಮ್ಯಾನೇಜರ್ ನನ್ನ ಮುಖವನ್ನೇ ನೋಡಿದರು. "ಆಯ್ತಪಾ. ಗೆದ್ದರ ನಮ್ಮ ಟೀಮು ಗೆದ್ದಂಗ. ಸೋತರ ನೀ ಸೋತಂಗ."

೨. ನೋಟ್‌ಬುಕ್

ನಾನು ಬೇಡ ಅಂದರೂ ಮ್ಯಾನೇಜರ್ ಮೇಡಂ ಹತ್ತಿರ ಎರಡೇ ಎರಡು ಪಾಠಕ್ಕೆ ಸಹಿ ಹಾಕಿಸಿದರು. ವಿಡಿಯೋದಲ್ಲಿ ಕೂತು ಕನ್ನಡ ನೋಟ್‌ಬುಕ್ ತೆರೆದೆ. ಅರ್ಧ ಗಂಟೆಗೆ ಗೊತ್ತಾಯಿತು, ಇವರ ಬರವಣಿಗೆ ಒಂದು ಊರಲ್ಲಿದ್ದರೆ ಉಚ್ಚಾರಣೆ ಇನ್ನೊಂದು ಊರಲ್ಲಿ ಸಂಸಾರ ಹೂಡಿದೆ. ಪದದ ಮೊದಲು ರಕಾರ ಬರೆದಿದ್ದರೆ ಹಕಾರ ಅನ್ನಬೇಕು. ಹಕಾರ ಬರೆದಿದ್ದರೆ ಏನೂ ಅನ್ನಬಾರದು. ದಿ ಬಂದರೆ ಜಿ, ತಿ ಬಂದರೆ ಚಿ. ರೇಡಿಯೋ ಅನ್ನೋದನ್ನ ನಮ್ಮ ಹಾಗೆಯೇ ಬರೆದು "ಹಾಜಿಯು" ಅನ್ನುತ್ತಾರೆ.

ಆದರೂ ನೆಂಟಸ್ತನ ಇಲ್ಲದಿಲ್ಲ. ನಾವು ಬಸ್ಸು, ಕಾರು, ಬ್ಯಾಂಕು ಅನ್ನುತ್ತೇವಲ್ಲ, ಅವರೂ ವ್ಯಂಜನವನ್ನು ಬರಿಮೈಯಲ್ಲಿ ಮನೆಯಿಂದ ಆಚೆ ಕಳಿಸೋದಿಲ್ಲ. ನಾವು ಉಕಾರ ಹೊದಿಸಿದರೆ ಅವರು ಇಕಾರ ಹೊದಿಸುತ್ತಾರೆ. ಇಂಟರ್ನೆಟ್ಟು ಅಲ್ಲಿ "ಇಂತೆರ್ನೆಚಿ."

ಮುಖ್ಯವಾಗಿ ಬೇಕಾದ್ದು ಎರಡು ಮಾತು. ಮೊದಲನೆಯದು "ನನ್ನ ಫ್ರಿಜ್ಜು ತಣ್ಣಗೆ ಮಾಡುತ್ತಿಲ್ಲ." ಮೇಡಂ ಬಾಯಲ್ಲಿ ಅದು "ಮೇವ್ ಹೆಫ್ರಿಜೆರಾದೋಹ್ ನಾಂವ್ ಜೆಲ." ಎರಡನೆಯದು "ನಾಳೆ." ಅದಕ್ಕೆ "ಅಮಞಾಂ" ಅನ್ನಬೇಕು.

ಞ! ಒಂದನೇ ಕ್ಲಾಸಿಂದ ಈ ಅಕ್ಷರವನ್ನು ತಿದ್ದಿ ತಿದ್ದಿ ಸ್ಲೇಟು ಸವೆಸಿದ್ದೆ, ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ. ಅಕ್ಷರಮಾಲೆಯ ಜಗಲಿ ಮೇಲೆ ಕೆಲಸವಿಲ್ಲದೆ ಕೂತ ಸೋದರಮಾವನ ಹಾಗೆ ಇತ್ತು. ಅದಕ್ಕೂ ಒಂದು ನೌಕರಿ ಸಿಕ್ಕಿತಲ್ಲ ಅಂತ ಖುಷಿಯಾಗಿ "ಅಮಞಾಂ" ಅಂದೆ. ಆ ಖುಷಿಗೆ ಬಾಯಿ ತೆರೆದೇ ನಿಂತುಬಿಟ್ಟಿತು.

"ಪರ್ಫೆಕ್ಟ್!" ಅಂದರು ಮೇಡಂ ಇಂಗ್ಲಿಷಿನಲ್ಲಿ. "ಈಗ ನಾಂವ್ ಹೇಳಿ."

"ನಾಮ್."

"ತುಟಿ ಮುಚ್ಚಬೇಡಿ."

"ಸೊನ್ನೆ ಇದೆಯಲ್ಲ ಮೇಡಂ, ಸೊನ್ನೆ ಬಂದರೆ ತುಟಿ ಮುಚ್ಚೋದೇ ನಮ್ಮಲ್ಲಿ ಪದ್ಧತಿ."

"ನಮ್ಮಲ್ಲಿ ಸೊನ್ನೆಯೇ ಇಲ್ಲ. ಶಬ್ದ ಮೂಗಿನಲ್ಲಿ ಬರಬೇಕು, ಬಾಯಿ ತೆರೆದಿರಬೇಕು. ಇನ್ನೊಂದು ಸಲ, ಮೂಗಿನಲ್ಲಿ."

ಮೂಗಿನಲ್ಲಿ ಬರಲಿಲ್ಲ. ಮೇಷ್ಟ್ರ ಪಾಠ ನೆನೆದು ಜೋರಾಗಿ ಹೇಳಿದೆ. ಮೇಡಂ ಇಯರ್‌ಫೋನ್ ಕಿತ್ತಿಟ್ಟು ಪಾಠ ಮುಗಿಸಿದರು.

೩. ಮೆಣಸಿನ ಸಾರು

ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಸಂಜೆ ಸಾಧನೆ ಶುರು ಮಾಡಿದೆ. "ನಾಂವ್, ನಾಂವ್, ನಾಂವ್." ಮಹಡಿ ಮೇಲಿನ ಉಡುಪಿ ಆಂಟಿ ನಾಲ್ಕನೇ ದಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಹಿಂದೆ ಅವರ ಹೈಸ್ಕೂಲು ಮಗಳು.

"ಎಂಥ ಮಾರಾಯ, ನಾಲ್ಕು ದಿನದಿಂದ ನರಳ್ತಾ ಇದ್ದಿ? ಬಿಸಿಬಿಸಿ ಮೆಣಸಿನ ಸಾರು ಉಂಟು, ಕುಡಿ."

"ನರಳ್ತಾ ಇಲ್ಲ ಆಂಟಿ, ಅದು ಪೋರ್ಚುಗೀಸು."

"ಅದಕ್ಕೆ ಈಗ ಹಾಗೆ ಹೇಳ್ತಾರಾ? ನಮ್ಮ ಕಾಲದಲ್ಲಿ ಶೀತ ಅಂತಿದ್ದೆವು."

ಮಗಳು ಫೋನಿನಿಂದ ಕಣ್ಣೆತ್ತದೆ, "ಹಿ ಈಸ್ ಫೈನ್ ಅಮ್ಮ, ಹಿ ಈಸ್ ಜಸ್ಟ್ ಲೌಡ್" ಅಂದಳು.

ಇದರಲ್ಲಿ ಒಂದು ಗುಟ್ಟಿತ್ತು. ನನಗೆ ನಿಜಕ್ಕೂ ಸ್ವಲ್ಪ ನೆಗಡಿಯಾಗಿತ್ತು. ಅರ್ಧ ಮೂಗು ಕಟ್ಟಿದ್ದರಿಂದ ಉಸಿರಾಡೋಕೆ ಬಾಯಿ ತೆರೆದೇ ಇರಬೇಕಿತ್ತು, ತುಟಿ ಮುಚ್ಚುತ್ತಿರಲಿಲ್ಲ. ಹಾಗಾಗಿ ಎರಡನೇ ಪಾಠದಲ್ಲಿ ಮೇಡಂ "ಅರೆ, ಈಗ ಸರಿಬಂತು" ಅಂದುಬಿಟ್ಟಿದ್ದರು. ನಾನು ಆ ಮೆಚ್ಚುಗೆಯನ್ನು ಕೂಡಲೇ ಮ್ಯಾನೇಜರ್‌ಗೆ ಈಮೇಲ್ ಮಾಡಿ, "ಇನ್ನು ಮೇಡಂ ಅವಶ್ಯಕತೆ ಇಲ್ಲ" ಅಂತಲೂ ಸೇರಿಸಿದ್ದೆ.

ಆಂಟಿ ಎದುರು ನಿಂತು ಕುಡಿಸದೆ ಬಿಡಲಿಲ್ಲ. ಒಳ್ಳೇ ಕೈಗುಣ. ಬೆಳಗಾಗುವಷ್ಟರಲ್ಲಿ ನೆಗಡಿಯೂ ಹೋಗಿತ್ತು, ಪೋರ್ಚುಗೀಸೂ ಹೋಗಿತ್ತು.

೪. ಕೆಂಪು ಟಿಕೆಟ್ಟು

ಟೆಸ್ಟಿಂಗ್ ಶುರುವಾಯಿತು. ನಾನು ಫೋನ್ ಹಿಡಿದು ಫ್ರಿಜ್ಜಿನ ಮಾತು ಹೇಳಿದೆ. ಯಂತ್ರ ಹೆಣ್ಣು ದನಿಯಲ್ಲಿ ನಯವಾಗಿ, "ಜಿಸ್ಕೂವ್ಪಿ, ನಾಂವ್ ಇಂತೆಂಜಿ" ಅಂತು. ಕ್ಷಮಿಸಿ, ಅರ್ಥವಾಗಲಿಲ್ಲ ಅಂತ ಅದರ ಅರ್ಥ.

ಇಲ್ಲಿ ಒಂದು ಮನೆ ವಿಷಯ ಹೇಳಬೇಕು. ನಮ್ಮೂರಲ್ಲಿ ಹಕಾರ ನಾಲಿಗೆ ಮೇಲೆ ನಿಲ್ಲೋದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಪ್ರೈಮರಿ ಮೇಷ್ಟ್ರು ಮೂರು ವರ್ಷ ಕೋಲು ಹಿಡಿದು ತಿದ್ದಿ, ಕೊನೆಗೆ ತಾವೇ "ಓಗ್ಲಿ ಬಿಡು" ಅಂದಿದ್ದರು. ಈಗ ಫ್ರಿಜ್ಜಿನ ಮೊದಲ ಅಕ್ಷರವೇ ಹಕಾರ. ಹೀಗೆ ಹಕಾರ ಜಾರಿ, ಸೊನ್ನೆಗೆ ತುಟಿ ಮುಚ್ಚಿ, ಕೊನೆಗೆ ಬಸ್ಸು ಕಾರಿನ ಉಕಾರವೂ ಸೇರಿ ನನ್ನ ಬಾಯಲ್ಲಿ ಮಾತು ಹೀಗಾಗುತ್ತಿತ್ತು: "ಮೇವ್ ಎಫ್ರಿಜೆರಾದೋರು ನಾಮ್ ಜೆಲ!"

ಯಂತ್ರ ಒಪ್ಪಲಿಲ್ಲ. ಆದರೆ ತಪ್ಪು ಯಂತ್ರದ್ದೋ ನನ್ನದೋ ಅಂತ ತೀರ್ಮಾನ ಮಾಡಬೇಕಾದ ಟೆಸ್ಟರು ಯಾರು? ನಾನೇ. ನನ್ನ ರೆಕಾರ್ಡಿಂಗ್ ಲಗತ್ತಿಸಿ ಕೆಂಪು ಟಿಕೆಟ್ಟು, ಅಂದರೆ ತುರ್ತು ದೂರು, ಹಾಕಿದೆ: "ಯಂತ್ರಕ್ಕೆ ಕಿವಿ ಕೇಳಿಸುತ್ತಿಲ್ಲ, ತಕ್ಷಣ ಸರಿಪಡಿಸಿ." ಹೀಗೆ ದಿನಕ್ಕೆ ಹತ್ತು ಹನ್ನೆರಡು. ನಮ್ಮಲ್ಲಿ ಕೆಂಪು ಟಿಕೆಟ್ಟು ಎರಡೇ ದಿನದಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ಮೇಲಿನವರಿಗೆ ಹೋಗುತ್ತದೆ. ಮುಚ್ಚಬೇಕಾದವನು ಪ್ಲೇನೋದಲ್ಲಿ ಮನೆಯಿಂದ ಕೆಲಸ ಮಾಡುವ ಮೈಸೂರಿನ ಡೆವಲಪರ್, ಬಹಳ ಸಭ್ಯ.

ಅವನು ಫೋನ್ ಮಾಡಿದ. "ಗುರು, ತಪ್ಪು ತಿಳ್ಕೋಬೇಡ. ಇದು ಪೋರ್ಚುಗೀಸೇ ತಾನೆ?"

"ಮತ್ತೇನು ಮಳವಳ್ಳಿ ಭಾಷೆನಾ?"

"ಅಲ್ಲ, ಕೇಳಿದರೆ ನಮ್ಮ ಸೋದರತ್ತೆ ಊರಿನ ಬಸ್ ಕಂಡಕ್ಟರ್ ನೆನಪಾಗ್ತಾನೆ."

"ನೋಡು, ಮೇಡಂ ಸರಿ ಅಂದಿರೋ ಉಚ್ಚಾರಣೆ ಇದು. ಟಿಕೆಟ್ಟು ಮುಚ್ತೀಯೋ, ಮೇಲಕ್ಕೆ ಕಳಿಸ್ಲೋ?"

ಪಾಪ, ಮುಚ್ಚಿದ. ಯಂತ್ರಕ್ಕೆ ನನ್ನ ರೆಕಾರ್ಡಿಂಗ್‌ಗಳನ್ನೇ ಕೇಳಿಸಿ ಕೇಳಿಸಿ ಕಲಿಸಿದ. ಆರು ವಾರದಲ್ಲಿ ಕೆಂಪೆಲ್ಲ ಹಸಿರಾಯಿತು. ನಾನು ಏನು ಅಂದರೂ ಯಂತ್ರ "ಒಬ್ರಿಗಾದ" ಅಂತ ಥ್ಯಾಂಕ್ಸ್ ಹೇಳತೊಡಗಿತು. ಮ್ಯಾನೇಜರ್ ಬೆನ್ನು ತಟ್ಟಿ "ಹುಲಿ ಅದಿಯಪಾ" ಅಂದರು. ನಾನೂ ಹೌದೆಂದುಕೊಂಡೆ. ಆರೇ ವಾರದಲ್ಲಿ ಪೋರ್ಚುಗೀಸು ಇಷ್ಟು ಸುಧಾರಿಸಿದವನು ಇಡೀ ಟೆಕ್ಸಾಸ್‌ನಲ್ಲಿ ಯಾರಿದ್ದಾರೆ?

೫. ಹ್ಯೂಸ್ಟನ್ ಸೆಕೆ

ಆಸ್ಟಿನ್‌ನಲ್ಲಿ ಡೆಮೋಗೆ ಇನ್ನೊಂದೇ ದಿನ ಬಾಕಿ. ಗಿರಾಕಿಯನ್ನು ಅವರ ಭಾಷೆಯಲ್ಲೇ ಮಾತಾಡಿಸೋಕೆ ಒಬ್ಬರಿರಲಿ ಅಂತ ಮ್ಯಾನೇಜರ್ ಹ್ಯೂಸ್ಟನ್ ಮೇಡಂಗೂ ಸಹಿ ಹಾಕಿಸಿದ್ದರು. ಅವರನ್ನು ಕರಕೊಂಡು ಬರೋಕೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಮಧ್ಯಾಹ್ನ ಅವರ ಅಡಿಗೆಮನೆ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತ, "ನಾನೂ ಒಮ್ಮೆ ಯಂತ್ರಕ್ಕೆ ಫೋನ್ ಮಾಡಲಾ?" ಅಂದರು.

"ಧಾರಾಳವಾಗಿ! ಎಲ್ಲಾ ಹಸಿರು."

ಮೇಡಂ ಮಾತಾಡಿದರು. ಜೇನು ಸುರಿದ ಹಾಗಿತ್ತು.

"ಜಿಸ್ಕೂವ್ಪಿ, ನಾಂವ್ ಇಂತೆಂಜಿ."

ಮೇಡಂ ಹುಬ್ಬು ಗಂಟಾಯಿತು. ನಿಧಾನವಾಗಿ ಹೇಳಿದರು. ಅದೇ ಉತ್ತರ. ಬಿಡಿಸಿ ಬಿಡಿಸಿ ಹೇಳಿದರು. ಅದೇ ಉತ್ತರ.

"ವಿಚಿತ್ರ. ಇದಕ್ಕೆ ನನ್ನ ಭಾಷೆ ಬರ್ತಿಲ್ಲವಲ್ಲ?"

"ಇಲ್ಲಿನ ಸೆಕೆ ಮೇಡಂ," ಅಂದೆ. "ಲೈನೆಲ್ಲ ಬೆವತುಬಿಟ್ಟಿದೆ." ಆದರೆ ಬೆವರುತ್ತಿದ್ದವನು ನಾನು. ಹಿತ್ತಲಿಗೆ ಹೋಗಿ, ಬಾಗಿಲು ಎಳೆದುಕೊಂಡು, ಫೋನಿಗೆ ಮೆಲ್ಲಗೆ ಅಂದೆ: "ಮೇವ್ ಎಫ್ರಿಜೆರಾದೋರು ನಾಮ್ ಜೆಲ."

"ಒಬ್ರಿಗಾದ!" ಅಂತು ಯಂತ್ರ, ಎಷ್ಟೋ ದಿನದ ಮೇಲೆ ಮನೆಯವರನ್ನು ಕಂಡ ಹಾಗೆ.

ಈ ಭೂಮಿ ಮೇಲೆ ಆ ಯಂತ್ರಕ್ಕೆ ಅರ್ಥವಾಗುವ ಮನುಷ್ಯ ನಾನೊಬ್ಬನೇ. ಪ್ಲೇನೋದ ಡೆವಲಪರ್‌ಗೆ ಫೋನ್ ಹಚ್ಚಿದೆ.

"ನಾಳೆ ಬೆಳಿಗ್ಗೆಯೊಳಗೆ ಅದಕ್ಕೆ ಕಲಿಸಿದ್ದನ್ನೆಲ್ಲ ಮರೆಸೋಕಾಗುತ್ತಾ?"

"ಮೂರು ವಾರ ಬೇಕು ಗುರು. ಅದರ ಮೂಲ ಪಾಠ ಯಾವುದು, ನಿನ್ನದು ಯಾವುದು ಅಂತ ಒಂದೊಂದನ್ನೇ ಬೇರ್ಪಡಿಸಬೇಕು."

"ಯಾಕೋ ಹಿಂಗೆ ಮಾಡ್ದೆ?"

"ನೀನೇ ತಾನೆ ಹೇಳಿದ್ದು!"

"ನಾನು ಹೇಳಿದ್ದನ್ನೆಲ್ಲ ಮಾಡ್ತಾರೇನೋ ದಡ್ಡ?"

೬. ಆಸ್ಟಿನ್

ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಮೂರು ಗಂಟೆ ದಾರಿ. ಮೇಡಂ ಪಕ್ಕದಲ್ಲಿ ಕೂತು "ತುಟಿ ಮುಚ್ಚಬೇಡಿ" ಅಂತ ತಿದ್ದುತ್ತ ಬಂದರು. ನನಗೆ ಅದೀಗ ಬೇಡವಾಗಿತ್ತು. ಯಂತ್ರ ಕಲಿತದ್ದು ತುಟಿ ಮುಚ್ಚಿದ ಪೋರ್ಚುಗೀಸು. ನಾನೇನಾದರೂ ಸುಧಾರಿಸಿಬಿಟ್ಟರೆ ಅದಕ್ಕೆ ನಾನೂ ಅರ್ಥವಾಗುವುದಿಲ್ಲ! ಉಪಾಯ ಒಂದೇ ಉಳಿದಿತ್ತು. ಡೆಮೋದಲ್ಲಿ ನಾನೇ ಮಾತಾಡಬೇಕು, ಇನ್ನೊಬ್ಬರ ಕೈಗೆ ಫೋನ್ ಹೋಗಬಾರದು. ಒಂದು ಸಲ ಸಹಿ ಬಿದ್ದರೆ ಸಾಕು, ಆಮೇಲೆ ಮೂರು ವಾರದಲ್ಲಿ ಸದ್ದಿಲ್ಲದೆ ಸರಿಪಡಿಸಬಹುದು.

ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ತಮ್ಮ ತಂಗಿ ಮನೆಗೆ ಬಂದಿದ್ದ ಮ್ಯಾನೇಜರ್ ಮರುದಿನ ಬೆಳಿಗ್ಗೆ ಹತ್ತಕ್ಕೆ ಗಿರಾಕಿ ಆಫೀಸಿಗೇ ಬಂದರು. ಹೊಸ ಟೈ, ಹಣೆಯಲ್ಲಿ ಕುಂಕುಮ. "ಏನಪಾ, ತಯಾರ ಅದಿಯಲ್ಲ?" ಅಂದರು. ಹೂಂಗುಟ್ಟಿದೆ. ಹೇಳಿಬಿಡಲೇ ಅನಿಸಿತು. ಬಾಯಿ ಬರಲಿಲ್ಲ. ಹುಟ್ಟಿದ ಮೇಲೆ ಅದೇ ಮೊದಲು.

ಗಿರಾಕಿ ಕಂಪನಿಯ ಯಜಮಾನಿ ಬ್ರೆಜಿಲ್‌ನವರು. ನರೆತ ಕೂದಲು, ಕಡಿಮೆ ಮಾತು, ಕೈಯಲ್ಲೊಂದು ಪೆನ್ನು. ಅದರ ತಲೆಯನ್ನು ಟಕ್ ಟಕ್ ಅನ್ನಿಸುತ್ತ ಕೂತರು. ನಾನು ಸ್ಪೀಕರ್ ಹಾಕಿ ಎದೆ ಸೆಟೆಸಿ ಹೇಳಿದೆ:

"ಮೇವ್ ಎಫ್ರಿಜೆರಾದೋರು ನಾಮ್ ಜೆಲ!"

"ಒಬ್ರಿಗಾದ! ಅಮಞಾಂ." ಥ್ಯಾಂಕ್ಸ್, ರಿಪೇರಿಯವರು ನಾಳೆ ಬರುತ್ತಾರೆ.

ಮ್ಯಾನೇಜರ್ ಮೀಸೆಯಡಿ ನಕ್ಕರು. ಹ್ಯೂಸ್ಟನ್ ಮೇಡಂ ಮಾತ್ರ ನನ್ನ ಕಡೆ ತಿರುಗಿ ನೋಡಿದರು. ಪೆನ್ನಿನ ಟಕ್ ಟಕ್ ನಿಂತಿತು.

"ನೀವು ಈಗ ಹೇಳಿದ್ದೇನು?" ಯಜಮಾನಿ ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ಫ್ರಿಜ್ಜು ತಣ್ಣಗೆ ಮಾಡುತ್ತಿಲ್ಲ ಅಂತ."

"ಅದು ಗೊತ್ತಾಯಿತು, ಯಂತ್ರ ಉತ್ತರ ಕೊಟ್ಟಿತಲ್ಲ. ಯಾವ ಭಾಷೆಯಲ್ಲಿ ಹೇಳಿದಿರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಅವರ ಕೈಯಲ್ಲಿತ್ತು. ಸ್ಪಷ್ಟವಾಗಿ, ಹುಟ್ಟು ಭಾಷೆಯಲ್ಲಿ ಹೇಳಿದರು.

"ಜಿಸ್ಕೂವ್ಪಿ, ನಾಂವ್ ಇಂತೆಂಜಿ."

ಮತ್ತೊಮ್ಮೆ ಹೇಳಿದರು.

"ಜಿಸ್ಕೂವ್ಪಿ, ನಾಂವ್ ಇಂತೆಂಜಿ."

ಅವರ ದೇಶದ ಭಾಷೆ ಅವರಿಗೇ ಸರಿಯಾಗಿ ಬರುವುದಿಲ್ಲ ಅಂತ ಯಂತ್ರ ಎಷ್ಟು ವಿನಯದಿಂದ ಹೇಳಿತೆಂದರೆ, ಯಜಮಾನಿ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ಮ್ಯಾನೇಜರ್ ಟೇಬಲ್ ಕೆಳಗೆ ನನ್ನ ಕಾಲು ತುಳಿದು, "ಏನೋ ಇದು?" ಅಂತ ಪಿಸುಗುಟ್ಟಿದರು. ಅವರ ಕುಂಕುಮದ ಮೇಲೆ ಬೆವರು ಇಳಿಯುತ್ತಿತ್ತು. ಆರು ವಾರ ನನ್ನನ್ನು ನಂಬಿ ಹುಲಿ ಅಂದ ಮನುಷ್ಯ. ಲೈನು ಸರಿ ಇಲ್ಲ ಅಂದರೆ ಇವತ್ತಿಗೆ ಪಾರಾಗಬಹುದಿತ್ತು. ನಾಲಿಗೆ ತುದಿಗೂ ಬಂತು. ಅಷ್ಟರಲ್ಲಿ ಮೇಷ್ಟ್ರು ನೆನಪಾದರು. ಹೆದರಬೇಡ ಮಗ, ಜೋರಾಗಿ ಹೇಳು.

ಎದ್ದು ನಿಂತೆ.

"ತಪ್ಪು ನನ್ನದು ಮೇಡಂ!" ಗಾಜಿನ ಗೋಡೆಯಾಚೆ ಕೂತವರೆಲ್ಲ ತಿರುಗಿದರು. "ಯಂತ್ರದ ಕಿವಿ ಸರಿಯಿದೆ. ಸರಿಯಿಲ್ಲದ್ದು ನನ್ನ ಬಾಯಿ. ಅದಕ್ಕೆ ನಿಮ್ಮ ಹಕಾರ ಬರಲ್ಲ, ನಮ್ಮ ಹಕಾರವೂ ಬರಲ್ಲ. ಅರ್ಥವಾಗಲಿಲ್ಲ ಅಂತ ಯಂತ್ರ ಮೊದಲ ದಿನವೇ ಹೇಳಿತ್ತು, ನಾನೇ ಒಪ್ಪಲಿಲ್ಲ. ನನಗೆ ಒಪ್ಪೋವರೆಗೆ ಆರು ವಾರ ಅದನ್ನು ಬಗ್ಗಿಸಿದೆ. ಈಗ ಅದಕ್ಕೆ ಬರೋದು ನನ್ನ ಪೋರ್ಚುಗೀಸು ಒಂದೇ!"

ಯಜಮಾನಿ ಪೆನ್ನನ್ನು ಟೇಬಲ್ ಮೇಲಿಟ್ಟರು. ಎದ್ದು ನಿಂತರು. ಸೊಂಟದ ಮೇಲೆ ಕೈಯಿಟ್ಟು, ನನ್ನ ಹಾಗೆಯೇ ಎದೆ ಸೆಟೆಸಿ, ಫೋನನ್ನು ಕಡ್ಲೆಕಾಯಿ ಮಾರುವವನ ಹಾಗೆ ಬಾಯಿಗೆ ಹಿಡಿದು ಕೂಗಿದರು:

"ಮೇವ್ ಎಫ್ರಿಜೆರಾದೋರು ನಾಮ್ ಜೆಲ!"

"ಒಬ್ರಿಗಾದ! ಅಮಞಾಂ."

ಮೊದಲು ನಕ್ಕವರು ಹ್ಯೂಸ್ಟನ್ ಮೇಡಂ. ಆಮೇಲೆ ಯಜಮಾನಿ ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ಮ್ಯಾನೇಜರ್ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಯಜಮಾನಿ ಕಣ್ಣೊರೆಸಿಕೊಂಡು ಹೇಳಿದರು: "ಬ್ರೆಜಿಲ್‌ನಲ್ಲಿ ಯಾರೂ ಆಡದ ಭಾಷೆಯನ್ನ ಈ ಯಂತ್ರ ಒಬ್ಬನೇ ಮನುಷ್ಯನಿಂದ ಆರು ವಾರದಲ್ಲಿ ಕಲಿತಿದೆ. ಅಂದಮೇಲೆ ನಿಜವಾದ ಪೋರ್ಚುಗೀಸು ಕಲಿಯದೇ ಇರುತ್ತಾ? ಮೂರು ವಾರ ಕೊಡುತ್ತೇನೆ. ಈ ಮೇಡಂ ಕಲಿಸಲಿ."

"ಹಂಗ ಆಗ್ಲಿ ಮೇಡಂ," ಅಂದರು ಮ್ಯಾನೇಜರ್. "ಇವನ್ನ ಇವತ್ತ ತೆಗೆದುಬಿಡ್ತೇನಿ."

"ತೆಗೆಯೋದಾ? ಯಂತ್ರ ಪೂರ್ತಿ ಮರೆಯಿತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ? ಇವರು ದಿನಾ ಬೆಳಿಗ್ಗೆ ಅದರ ಜೊತೆ ಮಾತಾಡಲಿ. ಯಾವತ್ತು ಇವರ ಒಂದು ಮಾತೂ ಅದಕ್ಕೆ ಅರ್ಥವಾಗುವುದಿಲ್ಲವೋ ಅವತ್ತು ಸಹಿ ಹಾಕುತ್ತೇನೆ."

ಹಾಗೆ ಮೂರು ವಾರ ನನ್ನ ಪೋರ್ಚುಗೀಸನ್ನು ಯಂತ್ರಕ್ಕೆ ಮರೆಸಿದೆವು. ನಾನೇ ಹಾಕಿದ ಟಿಕೆಟ್ಟುಗಳನ್ನು ನಾನೇ ಒಂದೊಂದಾಗಿ ಬಿಚ್ಚಿದೆ. ಕೊನೆಯ ದಿನ ನನ್ನ ಪ್ರತಿಯೊಂದು ಮಾತಿಗೂ ಯಂತ್ರ "ನಾಂವ್ ಇಂತೆಂಜಿ" ಅಂತು. ನನ್ನ ಒಂದು ಮಾತನ್ನು ಮಾತ್ರ ಈಗಲೂ ಒಪ್ಪಿತು: "ಅಮಞಾಂ." ಡೆವಲಪರ್ ಅದನ್ನೂ ಅಳಿಸೋಕೆ ಹೊರಟಾಗ ಹ್ಯೂಸ್ಟನ್ ಮೇಡಂ ತಡೆದರು. "ಅದನ್ನ ಮುಟ್ಟಬೇಡಿ. ಅದೊಂದು ಅವರು ಮೊದಲಿಂದಲೂ ಸರಿಯಾಗಿಯೇ ಹೇಳ್ತಿದ್ದಾರೆ."

ಯಜಮಾನಿ ಒಪ್ಪಿ ಸಹಿ ಹಾಕಿದರು. ಇನ್ನು ನನ್ನ ಪರ್ಮನೆಂಟ್ ಕಾಗದಕ್ಕೆ ಮ್ಯಾನೇಜರ್ ಸಹಿ ಬಾಕಿ. ಕೇಳೋಕೆ ಹೋದರೆ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಅಮಞಾಂ ಬಾರಪಾ" ಅಂದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರೆ ತಿರುಗಿ ಹೋಗೋಕೆ ನಾನೇನು ನಮ್ಮೂರ ದೆವ್ವವೇ? ನಾಲ್ಕನೇ ದಿನ ಎಂಟು ಗಂಟೆಗೇ ಅವರ ಬಾಗಿಲಲ್ಲಿ ನಿಂತು, ಎದೆ ಸೆಟೆಸಿ, ನಾಲೆಯ ಆಚೆ ದಡಕ್ಕೆ ಕೇಳುವ ಹಾಗೆ ಫ್ರಿಜ್ಜಿನ ಮಾತು ಶುರು ಮಾಡಿದೆ. ಮೂರನೇ ಸಲ ಹೇಳುವಷ್ಟರಲ್ಲಿ ಮ್ಯಾನೇಜರ್ ಸಹಿ ಹಾಕಿದರು. ಒಂದೇ ಕೈಯಲ್ಲಿ ಹಾಕಿದರು, ಇನ್ನೊಂದು ಕಿವಿ ಮೇಲಿತ್ತು.